ಹಾಳುಬಿದ್ದ ರೈಲ್ವೆ ಏರಿಗೆ ಸರ್ಕಾರದ ದುಡ್ಡು ಹಾಕೋದು ಸರಿನಾ?

ಪ್ರಶ್ನೆ: ಸರ್, ನಮ್ಮದು ಗದಗ ತಾಲ್ಲೂಕಿನ ಒಂದು ಹಳ್ಳಿ. ಊರ ಹಿಂದೆ ಮೀಟರ್‌ಗೇಜ್ (ಕಿರಿದಾದ ಹಳಿ) ಕಾಲದ ರೈಲ್ವೆ ಏರಿ, ಅಂದರೆ ಹಳಿ ಹಾಸೋಕೆ ಎತ್ತರಿಸಿದ ಮಣ್ಣಿನ ದಂಡೆ, ಇದೆ. ಲೈನನ್ನು ನೇರ ಮಾಡಿ ಆಚೆ ಹಾಕಿದ ಮೇಲೆ ಇದು ಹಾಗೇ ಬಿದ್ದಿದೆ, ಹತ್ತಿರ ಹತ್ತಿರ 5 ಕಿಲೋಮೀಟರ್. ಹಳಿ ಇಲ್ಲ, ಬರೀ ಜಾಲಿ. ಅದನ್ನು ನಡೆಯೋಕೆ, ಸೈಕಲ್ ಓಡಿಸೋಕೆ ದಾರಿ ಮಾಡಬೇಕು ಅಂತ ಊರಿನ ಹುಡುಗರು ಮನವಿ ಬರೆದು ಸಹಿ ಕೇಳ್ತಿದ್ದಾರೆ. ಶಾಸಕರ ನಿಧಿ, ಪಂಚಾಯ್ತಿ ದುಡ್ಡು ಎರಡೂ ಬೇಕಂತೆ. ನಮ್ಮ ಮಾವನವರು ‘ಕುಡಿಯೋ ನೀರು ಎಂಟು ದಿನಕ್ಕೊಮ್ಮೆ ಬರ್ತದ, ಇವರಿಗೆ ವಾಕಿಂಗ್ ಚಿಂತಿ’ ಅಂತಾರೆ. ಮನವಿಯ ಫೋಟೋ ಕಳಿಸಿದ್ದೇನೆ. ನಾನು ಸಹಿ ಮಾಡಬೇಕಾ, ಬೇಡ್ವಾ?

ಉತ್ತರ:

ಸಹಿ ಮಾಡಿ. ಆದರೆ ಈಗಿರುವ ಮನವಿಗಲ್ಲ, ತಿದ್ದಿ ಬರೆಸಿದ ಮೇಲೆ.

ನೀವು ಕಳಿಸಿದ ಫೋಟೋ ಓದಿದೆ. ಪೇವರ್ ಬ್ಲಾಕ್ ಇದೆ, ಸೋಲಾರ್ ದೀಪ ಇದೆ, ಸ್ವಾಗತ ಕಮಾನು, ಓಪನ್ ಜಿಮ್, ಸೆಲ್ಫಿ ಪಾಯಿಂಟ್ ಎಲ್ಲಾ ಇದೆ. ಜಾಗ ಯಾರದು, ಅದನ್ನು ಯಾರು ಯಾರಿಗೆ ಬರೆದುಕೊಡಬೇಕು, ಮೂರನೇ ವರ್ಷ ಜಾಲಿ ಕಡಿಯೋರು ಯಾರು ಅನ್ನೋದರ ಬಗ್ಗೆ ಒಂದು ಸಾಲೂ ಇಲ್ಲ. ನಾನು ರೈಲ್ವೆಯಲ್ಲಿ ಹಳಿ, ಏರಿ, ಮೋರಿ ಇವುಗಳ ಕೆಲಸದಲ್ಲೇ ನೌಕರಿ ಮುಗಿಸಿದವನು, ಹಾಗಾಗಿ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ ಅನ್ನಿ. ಆದರೂ ಹೇಳ್ತೀನಿ, ಇಂಥ ದಾರಿಗೆ ಸರ್ಕಾರದ ದುಡ್ಡು ಹಾಕಬೇಕು, ಜೋರಾಗಿಯೇ ಕೇಳಬೇಕು. ಮೊದಲ ರೂಪಾಯಿ ಮಾತ್ರ ಆ ಏರಿಯ ಉದ್ದನೆ ಜಾಗದ ಪಟ್ಟಿ ತುಂಡಾಗದಂತೆ ಹಿಡಿದಿಡೋಕೆ ಹೋಗಬೇಕು. ಕಮಾನು ಇವತ್ತಲ್ಲ ನಾಳೆ ಕಟ್ಟಬಹುದು. ಒಮ್ಮೆ ತುಂಡಾದ ಏರಿಯನ್ನು ಮತ್ತೆ ಜೋಡಿಸೋಕೆ ಆಗಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ನಿಮ್ಮ ಊರ ಹಿಂದೆ ಬಿದ್ದಿರೋದನ್ನು ಮಣ್ಣಿನ ದಿಬ್ಬ ಅಂತ ನೋಡಬೇಡಿ. 5 ಕಿಲೋಮೀಟರ್ ಉದ್ದಕ್ಕೆ 20 ಮೀಟರ್ ಅಗಲ ಅಂತ ಹಿಡಿದರೂ 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆ. ಅದೂ ಒಂದೇ ಗೆರೆಯಲ್ಲಿ, ಒಬ್ಬನೇ ಮಾಲೀಕನ ಹೆಸರಲ್ಲಿ, ನಡುವೆ ಒಂದೂ ಬದು ಇಲ್ಲದೆ. ಇವತ್ತು ನಿಮ್ಮ ತಾಲ್ಲೂಕಿನಲ್ಲಿ ಯಾವುದಾದರೂ ಇಲಾಖೆ ಅಷ್ಟು ಉದ್ದದ ಪಟ್ಟಿಯನ್ನು ಹೊಸದಾಗಿ ಸ್ವಾಧೀನ ಮಾಡಿಕೊಳ್ಳೋಕೆ ಹೊರಟರೆ ಎಷ್ಟು ಜನ ಖಾತೆದಾರರು, ಎಷ್ಟು ತಕರಾರು, ಎಷ್ಟು ವರ್ಷ ಕೋರ್ಟು! ಬೈಪಾಸ್ ರಸ್ತೆಗಳ ಕಥೆ ನೀವೇ ನೋಡಿರ್ತೀರಿ.

ಇನ್ನೊಂದು, ಏರಿಳಿತ. ರೈಲು ಗುಡ್ಡ ಹತ್ತಲ್ಲ. ಕ್ಯಾಸಲ್‌ರಾಕ್ ಘಟ್ಟದಲ್ಲಿ 37 ಅಡಿಗೆ ಒಂದು ಅಡಿ ಏರೋದೇ ದೊಡ್ಡ ವಿಷಯ, ಅಲ್ಲಿ ಹಿಂದೆ ಮುಂದೆ ಹೆಚ್ಚುವರಿ ಎಂಜಿನ್ ಕಟ್ಟಬೇಕಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ 100ಕ್ಕೆ 1 ಅನ್ನೋದೇ ಜಾಸ್ತಿ ಅಂತ ಲೆಕ್ಕ. ಅಂದರೆ ಹಳೇ ಎಂಜಿನಿಯರುಗಳು ತಗ್ಗು ಇದ್ದಲ್ಲಿ ಮಣ್ಣು ತುಂಬಿ, ದಿಬ್ಬ ಇದ್ದಲ್ಲಿ ಕಡಿದು, ಹಳ್ಳಕ್ಕೆ ಮೋರಿ ಕಟ್ಟಿ, ಎಲ್ಲವನ್ನೂ ಸಮ ಮಾಡಿಟ್ಟಿದ್ದಾರೆ. ಮಂಡಿನೋವಿನ ಅಜ್ಜಿಗೂ, ಹಿಂದೆ ತಂಗಿಯನ್ನು ಕೂರಿಸಿಕೊಂಡು ಸೈಕಲ್ ತುಳಿಯುವ ಹುಡುಗಿಗೂ ಇದಕ್ಕಿಂತ ಒಳ್ಳೆ ದಾರಿ ಯಾರೂ ಕಟ್ಟಿಕೊಡಲ್ಲ.

ಅಂದಹಾಗೆ, ಇದಕ್ಕೆ ಒಂದು ಸಲ ಆಗಲೇ ಜನರೇ ದುಡ್ಡು, ಬೆವರು ಕೊಟ್ಟಾಗಿದೆ. 1876ರಿಂದ 78ರವರೆಗಿನ ಬರದಲ್ಲಿ ಧಾರವಾಡ, ಕಲಾದಗಿ ಸೀಮೆಯ ಜನ ಹುಳುಗಳಂತೆ ಸತ್ತರು. ಬರ ಬಂದಾಗ ಧಾನ್ಯ ಸಾಗಿಸೋಕೆ ಅಂತಲೇ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಲೈನುಗಳು ಇಲ್ಲಿ ಬಂದವು. ಹುಬ್ಬಳ್ಳಿ ವರ್ಕ್‌ಶಾಪ್ ಕೂಡ ಅದೇ ಕಾಲದ್ದು, 1885. ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ಏರಿ ಅದು. 1990ರ ದಶಕದಿಂದ ಒಂದೊಂದಾಗಿ ಬ್ರಾಡ್‌ಗೇಜ್ (ಅಗಲ ಹಳಿ) ಆಗುತ್ತಾ, ಆಮೇಲೆ ಜೋಡಿ ಹಳಿ ಬರುತ್ತಾ, ತಿರುವು ನೇರ ಮಾಡುವಾಗ ಅಲ್ಲಲ್ಲಿ ಹಳೇ ತುಂಡುಗಳು ಉಳಿದುಕೊಂಡವು. ನಿಮ್ಮದೂ ಅಂಥದ್ದೇ ಇರಬೇಕು.

ಈಗ ತುಂಡಾದರೆ ಏನಾಗುತ್ತದೆ ಅನ್ನೋದಕ್ಕೆ ಇಂಗ್ಲೆಂಡ್, ಸ್ಕಾಟ್ಲೆಂಡ್ ನೋಡಬೇಕು. 1963ರಲ್ಲಿ ನಷ್ಟದ ಲೈನ್ ಮುಚ್ಚಿ ಅಂತ ಬೀಚಿಂಗ್ ವರದಿ ಬಂದ ಮೇಲೆ ಅಲ್ಲಿ ಸಾವಿರಾರು ಕಿಲೋಮೀಟರ್ ಲೈನ್ ಮುಚ್ಚಿದರು. ಮುಚ್ಚಿದ್ದು ಸರಿಯೋ ತಪ್ಪೋ, ಆ ಜಗಳ ಅಲ್ಲಿ ಇನ್ನೂ ನಡೀತಿದೆ. ಆದರೆ ಮುಚ್ಚಿದ ಮೇಲೆ ಜಾಗವನ್ನು ತುಂಡು ತುಂಡು ಮಾಡಿ ಮಾರಿದರು, ಸೇತುವೆ ಒಡೆದು ಹಾಕಿದರು. ಎಡಿನ್‌ಬರೋದಿಂದ ದಕ್ಷಿಣಕ್ಕೆ ಹೋಗುತ್ತಿದ್ದ ಒಂದು ಲೈನ್ 1969ರಲ್ಲಿ ನಿಂತಿತು. ಅದರ ಉತ್ತರದ ಭಾಗ, ಸುಮಾರು 48 ಕಿಲೋಮೀಟರ್, ಮತ್ತೆ ಬೇಕು ಅನ್ನಿಸಿ 2015ರಲ್ಲಿ ಬಾರ್ಡರ್ಸ್ ರೈಲ್ವೆ ಅಂತ ತೆರೆಯುವಾಗ ಹತ್ತಿರ ಹತ್ತಿರ 30 ಕೋಟಿ ಪೌಂಡ್ ಸುರಿಯಬೇಕಾಯಿತು. ಹಳೇ ಹಾದಿಯ ಮೇಲೆ ಜನ ಕಟ್ಟಿಕೊಂಡಿದ್ದ ಮನೆಗಳನ್ನು ಕೂಡ ಕೊಂಡು ಕೆಡವಬೇಕಾಯಿತು.

ಸಿಂಗಪುರದಲ್ಲಿ ಬೇರೆ ಥರ ಮಾಡಿದರು. ಅಲ್ಲಿ ಒಂದೊಂದು ಅಡಿ ಜಾಗಕ್ಕೂ ಚಿನ್ನದ ಬೆಲೆ. ಮಲೇಷ್ಯಾ ರೈಲ್ವೆಯ 24 ಕಿಲೋಮೀಟರ್ ಪಟ್ಟಿ 2011ರ ಜುಲೈಯಲ್ಲಿ ಕೈಗೆ ಬಂದಾಗ ಅದನ್ನು ಇಡಿಯಾಗಿ ಉಳಿಸಿಕೊಂಡು ನಡಿಗೆ ದಾರಿ ಮಾಡಿದರು. ಸ್ಪೇನ್ 1993ರಿಂದ ಇದನ್ನೇ ಸರ್ಕಾರಿ ಕಾರ್ಯಕ್ರಮವಾಗಿ ನಡೆಸಿಕೊಂಡು ಬಂದಿದೆ, ಈಗ 3,000 ಕಿಲೋಮೀಟರ್ ಮೀರಿದೆ. ನಿಮ್ಮ ಹುಡುಗರು ನ್ಯೂಯಾರ್ಕಿನ ಹೈಲೈನ್ ಚಿತ್ರ ತೋರಿಸಿದರೆ ಮಾತ್ರ ಮೊಬೈಲ್ ಕಿಸೆಗೆ ಇಟ್ಟುಕೊಳ್ಳೋಕೆ ಹೇಳಿ. ಅದು ಎರಡೂಕಾಲು ಕಿಲೋಮೀಟರಿನ ಪಾರ್ಕು, ಕೋಟ್ಯಧೀಶರ ಊರಿನದು. ನಿಮಗೆ ಹತ್ತಿರದ ಉದಾಹರಣೆ ನ್ಯೂಜಿಲೆಂಡಿನ ಒಟಾಗೊ. ಒಣ ಸೀಮೆ, ಕುರಿ ಸಾಕುವ ಚಿಕ್ಕ ಚಿಕ್ಕ ಊರುಗಳು. 1990ರಲ್ಲಿ ರೈಲು ನಿಂತಿತು, 1993ರಲ್ಲಿ ಸರ್ಕಾರದ ಸಂರಕ್ಷಣಾ ಇಲಾಖೆ 150 ಕಿಲೋಮೀಟರಿನಷ್ಟು ಪಟ್ಟಿಯನ್ನು ಇಡಿಯಾಗಿ ತೆಗೆದುಕೊಂಡಿತು, 2000ದಲ್ಲಿ ಪೂರ್ತಿ ತೆರೆಯಿತು. ಟೈಲ್ಸ್ ಇಲ್ಲ, ಹರಳು ಹಾಸಿದ ದಾರಿ. ಹಳೇ ಸೇತುವೆಗಳಿಗೆ ಹಲಗೆ, ಕಟಕಟೆ ಹಾಕಿದರು. ಮುಚ್ಚಿಹೋಗುತ್ತಿದ್ದ ಊರುಗಳಲ್ಲಿ ಸೈಕಲ್ ಯಾತ್ರಿಗಳಿಗೆ ಅಂತ ಖಾನಾವಳಿ, ವಸತಿ ತೆರೆದವು. ನಿಮ್ಮ ಊರಿಗೆ ಹಾಗೆ ಪ್ರವಾಸಿಗರು ಬರುತ್ತಾರೆ ಅಂತ ನಾನು ಹೇಳ್ತಿಲ್ಲ, ನಂಬಲೂ ಬೇಡಿ. 5 ಕಿಲೋಮೀಟರ್ ತುಳಿಯೋಕೆ ಬೆಂಗಳೂರಿನಿಂದ ಯಾರೂ ಬರಲ್ಲ.

‘ನಾಳೆ ರೈಲ್ವೆಗೇ ಬೇಕಾದರೆ?’ ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಭಾಗದಲ್ಲಂತೂ ಅದು ಖಾಲಿ ಮಾತಲ್ಲ. ಗದಗ-ವಾಡಿ ಹೊಸ ಲೈನ್ ನಡೆದಿದೆ, ಗದಗ-ಯಲವಿಗಿ ಮಾತು ಇದೆ, ಜೋಡಿ ಹಳಿ ಕೆಲಸ ಎಲ್ಲಾ ದಿಕ್ಕಿಗೂ ಹರಡಿದೆ. ಅಳ್ನಾವರದಿಂದ ದಾಂಡೇಲಿ ಕಡೆಗೆ ಕಟ್ಟಿಗೆ ಸಾಗಿಸುತ್ತಿದ್ದ ಕವಲು ಲೈನ್ ನೆನಪಿದೆ ಅಲ್ವಾ? ವರ್ಷಗಟ್ಟಲೆ ಅಲ್ಲಿ ಪ್ರಯಾಣಿಕರ ಗಾಡಿಯೇ ಇರಲಿಲ್ಲ. ಮುಗೀತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2019ರ ನವೆಂಬರಿನಲ್ಲಿ ಅಂಬೇವಾಡಿವರೆಗೆ ಮತ್ತೆ ಗಾಡಿ ಬಂತು. ಬಂದದ್ದು ಯಾಕೆ? ಪಟ್ಟಿ ಇಡಿಯಾಗಿ ಉಳಿದಿತ್ತು, ಅದಕ್ಕೆ.

ಹಾಗಾಗಿ ಈ ಪ್ರಶ್ನೆ ನಿಮ್ಮ ಬೇಡಿಕೆಗೆ ವಿರುದ್ಧ ಅಲ್ಲ, ಪರವಾಗಿಯೇ ಇದೆ. ಜನ ದಿನಾ ನಡೆಯುವ ದಾರಿಯನ್ನು ಯಾರೂ ಸುಮ್ನೆ ಉತ್ತು ಬಿತ್ತಲ್ಲ. ಯಾರೂ ನಡೆಯದ ಏರಿಯನ್ನು ವರ್ಷಕ್ಕೆ ಎರಡು ಸಾಲು ರಂಟೆ ಹೊಡೆದು ಒಳಗೆ ಹಾಕಿಕೊಳ್ತಾರೆ. ಅಮೆರಿಕದವರು 1983ರಲ್ಲಿ ಇದನ್ನು ಕಾನೂನೇ ಮಾಡಿದರು. ಮುಚ್ಚುವ ಲೈನನ್ನು ಸದ್ಯಕ್ಕೆ ನಡಿಗೆ ದಾರಿಯಾಗಿ ಬಳಸಬಹುದು, ಮುಂದೆ ರೈಲಿಗೆ ಬೇಕಾದರೆ ವಾಪಸ್ ಕೊಡಬೇಕು, ಅಲ್ಲಿವರೆಗೆ ಅದು ಕೈಬಿಟ್ಟ ಲೈನ್ ಅಂತ ಲೆಕ್ಕಕ್ಕೆ ಬರಲ್ಲ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಆದರೆ ಅದೇ ಮಾತನ್ನು ಕರಾರಿನಲ್ಲಿ ಒಂದು ಷರತ್ತಾಗಿ ಬರೆಯೋಕೆ ಯಾರ ಅಡ್ಡಿಯೂ ಇಲ್ಲ. ‘ಬೇಕಾದಾಗ ಬಿಟ್ಟುಕೊಡ್ತೇವೆ, ಪಕ್ಕಾ ಕಟ್ಟಡ ಕಟ್ಟಲ್ಲ’ ಅಂತ ಪಂಚಾಯ್ತಿ ಬರೆದುಕೊಟ್ಟರೆ ರೈಲ್ವೆ ಅಧಿಕಾರಿಯ ಅರ್ಧ ಹೆದರಿಕೆ ಇಳಿಯುತ್ತದೆ. ನಾನೂ ಆ ಕುರ್ಚಿಗಳ ಆಚೆ ಈಚೆ ಓಡಾಡಿದವನೇ, ಅವರ ಹೆದರಿಕೆ ಏನು ಅಂತ ಗೊತ್ತು. ಕೊಟ್ಟ ಜಾಗ ವಾಪಸ್ ಬರಲ್ಲ ಅನ್ನೋದೊಂದೇ. ನಿಮ್ಮ ಮನವಿಯ ಕಮಾನು, ಜಿಮ್ಮು ನೋಡಿದರೆ ಅವರು ಫೈಲ್ ಮುಚ್ಚಿಡ್ತಾರೆ.

ಇನ್ನು ಜಾಗದ ವಿಷಯ. ಇಲ್ಲೇ ಇಂಥ ಕೆಲಸಗಳು ಕೆಡೋದು. ಹಳಿ ಕಿತ್ತ ಮಾತ್ರಕ್ಕೆ ಜಾಗ ಊರಿನದಾಗಲ್ಲ. ಅದು ಇನ್ನೂ ರೈಲ್ವೆಯದೇ, ಅಂದರೆ ಕೇಂದ್ರ ಸರ್ಕಾರದ್ದು. ಶಾಸಕರು ನಾಳೆಯೇ ದುಡ್ಡು ಕೊಡ್ತೀನಿ ಅಂದರೂ ಬೇರೆಯವರ ಜಾಗದಲ್ಲಿ ಕೆಲಸಕ್ಕೆ ಮಂಜೂರಾತಿ ಸಿಗಲ್ಲ. ಮೊದಲು ಆ ಸರ್ವೆ ನಂಬರುಗಳ ಉತಾರ (ಪಹಣಿ) ತೆಗೆಸಿ, ಯಾರ ಹೆಸರು ಕೂತಿದೆ ನೋಡಿ. ಕೆಲವು ಕಡೆ ಹಳೇ ಕಂಪನಿ ಕಾಲದ ನಮೂದು ಹಾಗೇ ಇರುತ್ತದೆ, ಕೆಲವು ಕಡೆ ಪಕ್ಕದ ಹೊಲದವರ ಹೆಸರು ನುಸುಳಿರುತ್ತದೆ. ಆಮೇಲೆ ಹದ್ದುಬಸ್ತು, ಅಂದರೆ ಅಳೆದು ಗಡಿ ಗುರುತಿಸೋದು. ಏರಿಯ ಎರಡೂ ಬದಿ ದೂರದಲ್ಲಿ ರೈಲ್ವೆ ಗಡಿಕಲ್ಲುಗಳು ಇರಬೇಕು. ಮಣ್ಣಲ್ಲಿ ಹೂತಿರುತ್ತವೆ, ಕೆಲವು ಯಾರದೋ ಮನೆಯ ಬಾಗಿಲ ಮುಂದೆ ಬಟ್ಟೆ ಒಗೆಯುವ ಕಲ್ಲಾಗಿರುತ್ತವೆ, ನಗಬೇಡಿ, ನಾನು ಕಂಡಿದ್ದೇನೆ.

ಒಪ್ಪಿಗೆ ಕೇಳೋಕೆ ದೆಹಲಿಗೆ ಹೋಗಬೇಕಿಲ್ಲ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ರೈಲ್ ಸೌಧ ಹುಬ್ಬಳ್ಳಿಯ ಗದಗ ರೋಡಿನಲ್ಲೇ ಇದೆ, ಹುಬ್ಬಳ್ಳಿ ವಿಭಾಗದ ಮುಖ್ಯಸ್ಥರಾದ ಡಿಆರ್‌ಎಂ ಕಚೇರಿಯೂ ಹುಬ್ಬಳ್ಳಿಯಲ್ಲೇ. ಬಸ್ಸಿಗೆ ಹತ್ತಿದರೆ ಮಧ್ಯಾಹ್ನದೊಳಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದು ವಾಪಸ್ ಬರಬಹುದು. ಆದರೆ ಅರ್ಜಿ ಹುಡುಗರ ಹೆಸರಲ್ಲಿ ಬೇಡ. ಪಂಚಾಯ್ತಿ ಠರಾವು ಮಾಡಿ, ಜಿಲ್ಲಾಧಿಕಾರಿಯವರ ಮೂಲಕ ಹೋಗಲಿ. ಒಂದು ಸರ್ಕಾರಿ ಸಂಸ್ಥೆ ಇನ್ನೊಂದು ಸರ್ಕಾರಿ ಸಂಸ್ಥೆಯನ್ನು ಕೇಳುವ ರೀತಿಯೇ ಬೇರೆ.

ದರದ ಬಗ್ಗೆ ಒಂದು ಕಿವಿಮಾತು. ರೈಲ್ವೆ ಸಾಮಾನ್ಯವಾಗಿ ಜಾಗದ ಮಾರುಕಟ್ಟೆ ಬೆಲೆ ನೋಡಿ ಗುತ್ತಿಗೆ ಲೆಕ್ಕ ಹಾಕುತ್ತದೆ. ಹಾಗೆ ಹಾಕಿದರೆ ಪಂಚಾಯ್ತಿ ಅರ್ಧ ದಾರಿಯಲ್ಲೇ ಕೈ ಎತ್ತುತ್ತದೆ. ಆದರೆ 2022ರ ಸೆಪ್ಟೆಂಬರಿನಲ್ಲಿ ಬಂದ ರೈಲ್ವೆ ಜಮೀನು ನೀತಿಯಲ್ಲಿ ಆಸ್ಪತ್ರೆ, ಕೇಂದ್ರೀಯ ವಿದ್ಯಾಲಯದಂಥ ಸಾಮಾಜಿಕ ಕೆಲಸಕ್ಕೆ ಚದರ ಮೀಟರಿಗೆ ವರ್ಷಕ್ಕೆ 1 ರೂಪಾಯಿ ಅಂತ ನಾಮಮಾತ್ರದ ದರ ಇಟ್ಟಿದ್ದಾರೆ. ನಿಮ್ಮ 10 ಹೆಕ್ಟೇರಿಗೆ ಆ ದರ ಹಿಡಿದರೆ ವರ್ಷಕ್ಕೆ 1 ಲಕ್ಷ. ನಡಿಗೆ ದಾರಿಗೂ ಅದೇ ದರ ಕೊಡಿ ಅಂತ ಕೇಳೋಕೆ ಇದು ಒಳ್ಳೆ ಆಧಾರ. ನಿಮ್ಮ ಸಂಸದರಿಗೆ ಫೋಟೋ ತೆಗೆಸಿಕೊಳ್ಳೋ ಭೂಮಿಪೂಜೆ ಬೇಡ, ಈ ಒಂದು ಮಾತಿಗೆ ಪತ್ರ ಬರೆಸಿ.

ಅಲ್ಲಿವರೆಗೆ ಏರಿ ಮೇಲೆ ‘ಸಾಮೂಹಿಕ ನಡಿಗೆ’ ಗಿಡಿಗೆ ಅಂತ ಮಾಡಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಮು ರೈಲ್ವೆ ಜಾಗಕ್ಕೆ ಅನುಮತಿ ಇಲ್ಲದೆ ನುಗ್ಗೋದಕ್ಕೆ 6 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಅಂತ ಹೇಳುತ್ತದೆ. ಹಳಿ ಇಲ್ಲದ ಏರಿಗೆ ಯಾರೂ ಕೇಸು ಹಾಕಲಿಕ್ಕಿಲ್ಲ, ಆದರೆ ಅರ್ಜಿ ಕೊಟ್ಟವರ ಮೇಲೇ ತಕರಾರು ಬೇಡ ಅಲ್ವಾ. ಇಂಥ ದಾರಿಗೆ ಜನರ ಹಸಿವು ಇದೆ ಅನ್ನೋದಕ್ಕೆ ಸಕಲೇಶಪುರವೇ ಸಾಕ್ಷಿ. ಅಲ್ಲಿನ ಮೀಟರ್‌ಗೇಜ್ ಘಟ್ಟದ ಲೈನು 1996ರಲ್ಲಿ ಮುಚ್ಚಿ ಸುಮಾರು ಹತ್ತು ವರ್ಷ ಗಾಡಿ ಇರಲಿಲ್ಲ, ಆಗ ರಾಜ್ಯದ ಮೂಲೆಮೂಲೆಯಿಂದ ಹುಡುಗರು ಬಂದು ಆ ಹಳಿ ಮೇಲೆ ನಡೆದರು. ಗಾಡಿ ಶುರುವಾದ ಮೇಲೂ ನಡೆಯೋದು ಬಿಡಲಿಲ್ಲ, ಅದು ಅಪಾಯ. ದೂಧ್‌ಸಾಗರಕ್ಕೆ ಹಳಿ ಹಿಡಿದು ಹೊರಟವರನ್ನು 2023ರ ಮಳೆಗಾಲದಲ್ಲಿ ಪೊಲೀಸರು ಬಸ್ಕಿ ಹೊಡೆಸಿದ್ದು ನೀವೂ ವೀಡಿಯೋದಲ್ಲಿ ನೋಡಿರ್ತೀರಿ. ನಡೆಯೋಕೆ ಸರಿಯಾದ ಜಾಗ ಕೊಡದೆ ಬರೀ ಬಸ್ಕಿ ಹೊಡೆಸಿದರೆ ಏನು ಬಂತು?

ನಿಮ್ಮ ಮಾವನವರ ಮಾತಿಗೆ ಬರೋಣ. ಅವರ ಸಿಟ್ಟು ನ್ಯಾಯವಾದದ್ದೇ. ನೀರು ಎಂಟು ದಿನಕ್ಕೊಮ್ಮೆ ಬರುವ ಊರಲ್ಲಿ ಸೆಲ್ಫಿ ಪಾಯಿಂಟ್ ಕೇಳೋದು ನನಗೂ ಸರಿ ಕಾಣಲ್ಲ. ಆದರೆ ದುಡ್ಡು ಒಂದೇ ಡಬ್ಬಿಯಲ್ಲಿ ಇರೋದಿಲ್ಲ. ಪಂಚಾಯ್ತಿಗೆ ಬರುವ ಹಣಕಾಸು ಆಯೋಗದ ಅನುದಾನದಲ್ಲಿ ದೊಡ್ಡ ಪಾಲನ್ನು ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿರ್ತಾರೆ. 15ನೇ ಆಯೋಗದಲ್ಲಿ ಅದು ಶೇ 60 ಇತ್ತು. ಆ ಪಾಲನ್ನು ದಾರಿಗೆ ಮುಟ್ಟೋಕೆ ಆಗೋದೇ ಇಲ್ಲ. ಉಳಿದ ಪಾಲನ್ನು ಪಂಚಾಯ್ತಿ ತನ್ನ ಇಷ್ಟದ ಕೆಲಸಕ್ಕೆ ಹಾಕಬಹುದು, ಅಲ್ಲಿ ಮಾತ್ರ ಮಾವನವರ ಮಾತಿಗೆ ಪೂರ್ತಿ ಬೆಲೆ ಇದೆ. ಗಟಾರು, ಬೀದಿದೀಪ, ಅಂಗನವಾಡಿ ರಿಪೇರಿ ಬಾಕಿ ಇದ್ದರೆ ಆ ಹಣ ಅಲ್ಲಿಗೇ ಹೋಗಲಿ. ದಾರಿ ಕಟ್ಟೋ ಖರ್ಚಿನ ಮಟ್ಟಿಗೆ ನಿಮ್ಮ ಮನವಿಯಿಂದ ‘ಪಂಚಾಯ್ತಿ ನಿಧಿ’ ಅನ್ನೋ ಪದ ತೆಗೆಸಿಬಿಡಿ ಅನ್ನೋದು ನನ್ನ ಸಲಹೆ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಇವು ಬರೋದು ಸಾರ್ವಜನಿಕ ಆಸ್ತಿ ಕಟ್ಟೋಕೆ ಅಂತಲೇ. ಸಮುದಾಯ ಭವನದ ಮೇಲೆ ಸಮುದಾಯ ಭವನ, ಮಹಾದ್ವಾರದ ಮೇಲೆ ಮಹಾದ್ವಾರ ಕಟ್ಟಿ ಈ ದುಡ್ಡು ಎಲ್ಲಿ ಹೋಗ್ತಿದೆ ಅಂತ ನಮ್ಮ ಜಿಲ್ಲೆಗಳಲ್ಲಿ ಎಲ್ಲರಿಗೂ ಗೊತ್ತು. ವರ್ಷಕ್ಕೆ ಹತ್ತು ಮದುವೆಗೆ ಬಾಗಿಲು ತೆಗೆಯುವ ಭವನಕ್ಕಿಂತ ಪ್ರತಿದಿನ ಬೆಳಗ್ಗೆ ಸಂಜೆ ಜನ ಓಡಾಡುವ ದಾರಿ ಮೇಲಲ್ವಾ? ಜಂಗಲ್ ಕಡಿಯೋದು, ಮಣ್ಣು ಕೆಲಸ, ಗಿಡ ನೆಡೋದು, ಇವನ್ನು ಉದ್ಯೋಗ ಖಾತ್ರಿಯಲ್ಲಿ ಕೇಳಿ ನೋಡಿ. ದುಡ್ಡು ಊರಿನ ಕೂಲಿಯವರ ಕೈಗೇ ಹೋಗುತ್ತದೆ. ಇಂಥ ದಾರಿಗೆ ಸಾರ್ವಜನಿಕ ಹಣ ಹೊಸದೂ ಅಲ್ಲ. ಹುಬ್ಬಳ್ಳಿಯಲ್ಲಿ ಉಣಕಲ್ ನಾಲಾ ಪಕ್ಕದ ಹಸಿರು ಪಥಕ್ಕೆ ಕೇಂದ್ರದ ಸಿಟೀಸ್ ಅನ್ನೋ ನಗರ ಯೋಜನೆಯಲ್ಲಿ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ, ಯುರೋಪಿಯನ್ ಒಕ್ಕೂಟದ ನೆರವು ಬಂತು. ನಗರದವರಿಗೆ ನಡಿಗೆ ದಾರಿ ಸರಿ, ಹಳ್ಳಿಯವರು ಹೆದ್ದಾರಿ ಅಂಚಲ್ಲೇ ನಡೀಲಿ ಅನ್ನೋದು ಯಾವ ನ್ಯಾಯ?

ನಿಜವಾಗಿ ಯಾರು ಬಳಸ್ತಾರೆ ಅನ್ನೋದನ್ನು ಮನವಿಯಲ್ಲಿ ಬರೆಯಿರಿ. ‘ಪ್ರವಾಸೋದ್ಯಮ’ ಅಂತ ಬರೆದರೆ ಮೊದಲ ಓದಿಗೇ ಬಿದ್ದುಹೋಗುತ್ತದೆ. ಪಕ್ಕದ ಊರಿನ ಹೈಸ್ಕೂಲಿಗೆ ಹೋಗುವ ಮಕ್ಕಳು ಎಷ್ಟು ಅಂತ ಎಣಿಸಿ. ಬೆಳಗಿನ ಜಾವ ಕತ್ತಲಲ್ಲಿ ರಸ್ತೆ ಬದಿ ನಡೆಯುವ ಹೆಣ್ಣುಮಕ್ಕಳು, ಲಾರಿ ಬಂದರೆ ಮುಳ್ಳುಕಂಟಿಗೆ ಇಳಿಯುವವರು, ಅವರನ್ನು ಎಣಿಸಿ. ಕೂಲಿಗೆ ಹೋಗುವವರು, ಬುತ್ತಿ ಒಯ್ಯುವವರು. ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನಿಗೆ, ಶಿವರಾತ್ರಿಗೆ ಹುಬ್ಬಳ್ಳಿ ಸಿದ್ಧಾರೂಢ ಮಠಕ್ಕೆ ಪಾದಯಾತ್ರೆ ಹೊರಡುವವರು ನಿಮ್ಮ ದಿಕ್ಕಿನಲ್ಲಿ ಹಾದುಹೋಗುತ್ತಾರಾ? ಹೋಗುತ್ತಿದ್ದರೆ ಅದು ಬಲವಾದ ಕಾರಣ. ರಾತ್ರಿ ಹೆದ್ದಾರಿಯಲ್ಲಿ ಗುಂಪಾಗಿ ನಡೆಯುವವರ ಮೇಲೆ ವಾಹನ ಹರಿದ ಸುದ್ದಿ ಪ್ರತಿ ವರ್ಷ ಓದ್ತೇವೆ.

ಇನ್ನು ಕಟ್ಟೋ ಲೆಕ್ಕ. 3 ಮೀಟರ್ ಅಗಲ ಸಾಕು. ಹಳೇ ಮೀಟರ್‌ಗೇಜ್ ಏರಿಯ ನೆತ್ತಿಯೇ ಐದು ಮೀಟರ್ ಆಸುಪಾಸು ಇರೋದು, ಅಂಚು ಕುಸಿದಿರುತ್ತದೆ. ಪೇವರ್ ಬೇಡವೇ ಬೇಡ. ಕೆಳಗೆ ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಎರಡು ಮಳೆಗಾಲ ಕಳೆದರೆ ಪೇವರ್ ಮುದುಕರ ಹಲ್ಲಿನಂತೆ ಒಂದೊಂದು ಒಂದೊಂದು ಕಡೆ ವಾಲುತ್ತದೆ. ಗರಸು (ಮೊರಂ) ಹಾಕಿ, ನೀರು ಹೊಡೆದು, ರೋಲರ್ ಓಡಿಸಿ. 5 ಕಿಲೋಮೀಟರ್, 3 ಮೀಟರ್ ಅಗಲ, ದಮ್ಮಸ್ಸಾದ ಮೇಲೆ 15 ಸೆಂಟಿಮೀಟರ್ ದಪ್ಪ: 2,250 ಘನ ಮೀಟರ್. ಸಡಿಲ ಗರಸಿನ ಲೆಕ್ಕದಲ್ಲಿ ಸುಮಾರು 1,000 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ಆಗುತ್ತದೆ. ನಿಮ್ಮ ಕಡೆ ಬ್ರಾಸಿಗೆ ಎಷ್ಟು ಅಂತ ಯಾವ ಟಿಪ್ಪರ್‌ನವನನ್ನು ಕೇಳಿದರೂ ಹೇಳ್ತಾನೆ, ಗುಣಿಸಿ ನೋಡಿ. ಹುಡುಗರ ಎಸ್ಟಿಮೇಟಿನಲ್ಲಿ ಬರೀ ಪೇವರಿಗೆ ಬರೆದಿರುವ ಮೊತ್ತದ ಪಕ್ಕ ಅದನ್ನಿಡಿ. ಹಳೇ ಜಲ್ಲಿಕಲ್ಲು ಏರಿ ಮೇಲೆ ಉಳಿದಿದ್ದರೆ ಇನ್ನೂ ಒಳ್ಳೇದು, ಅದು ಗರಸಿನ ಕೆಳಗಿನ ಹಾಸಾಗುತ್ತದೆ. ಬಹಳ ಕಡೆ ಹಳಿ, ಕಬ್ಬಿಣದ ಸ್ಲೀಪರು ಹರಾಜಾದ ಹಾಗೆ ಜಲ್ಲಿಯೂ ರಾತ್ರೋರಾತ್ರಿ ಹೋಗಿರುತ್ತದೆ.

ದುಡ್ಡು ತಿನ್ನೋದು ಮೋರಿ, ಸೇತುವೆ. ಕಲ್ಲು ಗಾರೆಯ ಕಮಾನು ಮೋರಿಗಳು ಎಂಜಿನ್ ಹೊತ್ತವು, ಸೈಕಲ್ ಹೊರೋಕೆ ಅವಕ್ಕೆ ಏನೂ ಭಾರವಿಲ್ಲ. ನೋಡಬೇಕಾದದ್ದು ಸಂದಿಯಲ್ಲಿ ಬೇರು ಬಿಟ್ಟ ಅರಳಿ ಗಿಡ ಮತ್ತು ತಳದಲ್ಲಿ ನೀರು ಕೊರೆದ ಗುಂಡಿ. ಅರಳಿಯನ್ನು ಸುಮ್ನೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಕಲ್ಲು ಬಿಚ್ಚಿ ಬೇರು ತೆಗೆದು ಮತ್ತೆ ಗಾರೆ ತುಂಬಬೇಕು. ಕಬ್ಬಿಣದ ಗರ್ಡರ್ ಇದ್ದರೆ ಮೇಲೆ ಹಾಸು, ಎರಡೂ ಬದಿ ಕಟಕಟೆ ಬೇಕು. ಇದಕ್ಕೆ ಎಂಜಿನಿಯರ್ ಕೈಯಲ್ಲಿ ನೋಡಿಸದೆ ಯಾರೂ ಅಂದಾಜು ಹೇಳಬಾರದು. ಮೋರಿ ಮುಚ್ಚಿ ಮಣ್ಣು ತುಂಬಿದರೆ ಅಗ್ಗ ಆಗುತ್ತದೆ ಅಂತ ಕಂತ್ರಾಟುದಾರ ಹೇಳಬಹುದು, ಒಪ್ಪಬೇಡಿ. ಬೆಣ್ಣಿಹಳ್ಳದ ನೆರೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಎರೆಭೂಮಿಯಲ್ಲಿ ನೀರು ಇಂಗೋದು ತಡ. ಏರಿಯೇ ಅಡ್ಡಗಟ್ಟೆಯಾಗಿ ಮೇಲಿನ ಹೊಲಗಳ ಹೆಸರು, ಶೇಂಗಾ ಎಲ್ಲಾ ಕೊಳೆಯುತ್ತದೆ. ಆಮೇಲೆ ರೈತರು ಏರಿ ಒಡೆದರೆ ತಪ್ಪು ಅವರದಲ್ಲ.

ದೀಪ ಪೂರ್ತಿ ಉದ್ದಕ್ಕೆ ಬೇಡ. ಊರ ಅಂಚಿನ ಅರ್ಧ ಕಿಲೋಮೀಟರ್ ಸಾಕು. ಸೋಲಾರ್ ಬ್ಯಾಟರಿ ಹೊಲದ ನಡುವೆ ಎಷ್ಟು ದಿನ ಇರುತ್ತದೆ ಅಂತ ನಿಮಗೇ ಗೊತ್ತು. ಬದಲಿಗೆ ನೆರಳು ಮಾಡಿ. ಬೇವು, ಹೊಂಗೆ, ಏರಿಯ ಬುಡದಲ್ಲಿ ನೆಡಿ, ನೆತ್ತಿಯಲ್ಲಿ ಬೇಡ. 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು, ಮೊದಲ ಎರಡು ಬೇಸಿಗೆ ನೀರು ಹಾಕುವವರು ಯಾರು ಅಂತ ಗುರುತು ಮಾಡದೆ ಸಾವಿರ ಗಿಡ ನೆಟ್ಟರೆ ಫೋಟೋ ಮಾತ್ರ ಉಳಿಯುತ್ತದೆ. ದಾರಿ ಡಾಂಬರು ರಸ್ತೆಯನ್ನು ದಾಟುವ ಜಾಗಕ್ಕೆ ಜಾಸ್ತಿ ಗಮನ ಕೊಡಿ. ಇಡೀ ದಾರಿಯಲ್ಲಿ ಅಪಘಾತ ಆಗೋದಿದ್ದರೆ ಅಲ್ಲೇ. ರಸ್ತೆಗೆ ಉಬ್ಬು, ದಾರಿಗೆ ತಿರುವು, ಎರಡೂ ಬೇಕು.

ಪಕ್ಕದ ಹೊಲದವರ ಜೊತೆ ಮೊದಲೇ ಕೂತು ಮಾತಾಡಿ. ಈ ಒಂದು ಕೆಲಸ ಬಿಟ್ಟು ಬಾಕಿ ಎಲ್ಲಾ ಸರಿ ಮಾಡಿದರೂ ದಾರಿ ನಿಲ್ಲಲ್ಲ. ಅವರಿಗೆ ಏರಿ ದಾಟೋಕೆ ಚಕ್ಕಡಿ, ಟ್ರ್ಯಾಕ್ಟರ್ ದಾರಿ ಬೇಕು. ಗೊತ್ತಾದ ಜಾಗಗಳಲ್ಲಿ ಇಳಿಜಾರು ಮಾಡಿಕೊಟ್ಟು, ಉದ್ದಕ್ಕೆ ಟ್ರ್ಯಾಕ್ಟರ್ ಓಡದಂತೆ ಕಲ್ಲಿನ ಕಂಬ ನೆಡಿ. ಸುಗ್ಗಿಯಲ್ಲಿ ಜೋಳದ ರಾಶಿ, ಮೆಣಸಿನಕಾಯಿ ಹರವೋಕೆ ಇಷ್ಟು ಸಮತಟ್ಟಾದ ಜಾಗ ಕಂಡರೆ ಯಾರು ಬಿಡ್ತಾರೆ? ಬೇಡ ಅನ್ನೋದರಲ್ಲಿ ಅರ್ಥ ಇಲ್ಲ. ಅಲ್ಲಲ್ಲಿ ದಾರಿ ಪಕ್ಕ ಅಗಲ ಮಾಡಿ ಕಣದ ಜಾಗ ಬಿಟ್ಟುಕೊಡಿ, ದಾರಿ ದಾರಿಯಾಗಿ ಉಳಿಯುತ್ತದೆ. ಬೈಕು ಬರೋದನ್ನೂ ಪೂರ್ತಿ ತಡೆಯೋಕೆ ಆಗಲ್ಲ, ಹೊಲಕ್ಕೆ ಹೋಗುವ ಬೈಕಿಗೂ ಸುಮ್ನೆ ಹಾರಾಡುವ ಬೈಕಿಗೂ ಊರಿನವರಿಗೆ ವ್ಯತ್ಯಾಸ ಗೊತ್ತಿರುತ್ತದೆ. ಒತ್ತುವರಿ ಮಾಡಿದವರು ಇದ್ದರೆ ಕೇಸಿನಿಂದ ಶುರು ಮಾಡಬೇಡಿ. ನೆತ್ತಿಯ ಐದು ಮೀಟರ್ ಮತ್ತು ಮೋರಿಯ ಬಾಯಿ ಬಿಡಿಸಿಕೊಳ್ಳಿ, ಬುಡದಲ್ಲಿ ಬೆಳೆ ಇರುವ ಜಾಗದ ಮಾತು ಹದ್ದುಬಸ್ತು ಆದ ಮೇಲೆ ರೈಲ್ವೆಯವರೇ ನೋಡಿಕೊಳ್ಳಲಿ.

ನಿರ್ವಹಣೆಗೆ ದೊಡ್ಡ ಯೋಜನೆ ಬೇಕಿಲ್ಲ. ಮಳೆಗೆ ಮುಂಚೆ ಮೋರಿ ಬಾಯಿ ತೆಗೆಯೋದು, ಮಳೆ ಮುಗಿದ ಮೇಲೆ ಜಾಲಿ ಬೇರುಸಹಿತ ಕೀಳೋದು, ಕೊಚ್ಚಿಹೋದ ಕಡೆ ನಾಲ್ಕು ಬುಟ್ಟಿ ಗರಸು. ಶಾಸಕರ ನಿಧಿ ಕಟ್ಟೋಕೆ ಸಿಗುತ್ತದೆ, ಈ ದಿನನಿತ್ಯದ ಕೆಲಸ ಪಂಚಾಯ್ತಿ ತಲೆಗೇ ಬರುತ್ತದೆ. ಹಾಗಾಗಿ ವರ್ಷಕ್ಕೆ ಇಷ್ಟು ಅಂತ ಪಂಚಾಯ್ತಿ ಬಜೆಟ್ಟಿನಲ್ಲಿ ಒಂದು ಸಾಲು ಬರೆಸಿ. ಅಷ್ಟೂ ಬರೆಯೋಕೆ ಅಧ್ಯಕ್ಷರು ಒಪ್ಪದಿದ್ದರೆ ದಾರಿ ಕಟ್ಟಿಸೋದೇ ಬೇಡ ಅನ್ನೋದು ನನ್ನ ಖಡಕ್ ಅಭಿಪ್ರಾಯ. ಜಾಲಿ ಮುಚ್ಚಿದ ಪೇವರ್ ದಾರಿಗಿಂತ ಬರೀ ಏರಿಯೇ ಮೇಲು.

ತಿದ್ದಿದ ಮನವಿಯಲ್ಲಿ ಕೇಳಬೇಕಾದದ್ದು ಹೀಗೆ ಇರಲಿ: ಏರಿಯ ಹದ್ದುಬಸ್ತು ಮಾಡಿಸಿ, ರೈಲ್ವೆಯಿಂದ ನಾಮಮಾತ್ರ ದರಕ್ಕೆ ದೀರ್ಘಾವಧಿ ಗುತ್ತಿಗೆ ಕೇಳಿ, ರೈಲಿಗೆ ಬೇಕಾದಾಗ ಬಿಟ್ಟುಕೊಡುವ ಷರತ್ತು ಹಾಕಿ, ಮೋರಿಗಳ ತಪಾಸಣೆ ಮಾಡಿಸಿ, ಆಮೇಲೆ ಗರಸಿನ ದಾರಿಗೆ ಶಾಸಕರ ನಿಧಿ ಕೊಡಿ. ಈ ಅನುಕ್ರಮ ತಪ್ಪಬಾರದು. ಇದನ್ನು ಗ್ರಾಮಸಭೆಯಲ್ಲಿ ಓದಿ ಠರಾವು ಬರೆಸಿದ ಮೇಲೆ ನಿಮ್ಮ ಸಹಿ ಹಾಕಿ. ಹದ್ದುಬಸ್ತಿನ ಅರ್ಜಿ ಮಾತ್ರ ಬೇಸಿಗೆಯಲ್ಲೇ ಹೋಗಲಿ, ಮುಂಗಾರು ಬಿತ್ತನೆ ಆದ ಮೇಲೆ ಸರ್ವೆಯವರು ಬಂದರೂ ಬೆಳೆ ನಿಂತ ಹೊಲಕ್ಕೆ ಇಳಿದು ಅಳೆಯೋಕೆ ಯಾರೂ ಬಿಡಲ್ಲ, ಮತ್ತೆ ಆರು ತಿಂಗಳು ಕಾಯಬೇಕಾಗುತ್ತದೆ.